ಮೋಡಪ್ಪನ ಮೇಲಿನ ಸೇಡು

ಅವನು ಇಸ್ತ್ರಿ ವಿಭಾಗದ ಬಾಗಿಲಲ್ಲಿ ಕಾಣಿಸಿಕೊಂಡಾಗ ನನ್ನ ಕೈಯಲ್ಲಿ ಆಗಷ್ಟೇ ಮಡಚಿದ ಬೆಡ್‌ಶೀಟುಗಳ ಕಟ್ಟು ಇತ್ತು. ಕಟ್ಟನ್ನು ಹಾಗೇ ಅವನ ಮುಖಕ್ಕೆ ಎಸೆಯೋಣ ಅನ್ನಿಸಿತು. ಎಸೆಯಲಿಲ್ಲ. ಒಗೆದ ಬಟ್ಟೆ ಏನು ತಪ್ಪು ಮಾಡಿತ್ತು?

"ಇವರೇ ಕಣಮ್ಮ, ನಮ್ಮನ್ನ ಕ್ಲೌಡ್‌ಗೆ ಕರ್ಕೊಂಡು ಹೋಗೋರು," ಎಂದರು ಚಿಕ್ಕಪ್ಪ, ಹೊಸ ಕಾರು ತೋರಿಸುವವರ ಹಾಗೆ.

"ನಮಸ್ಕಾರ," ಎಂದ ಅವನು. ಕಣ್ಣು ಮಾತ್ರ ನೆಲ ನೋಡಿತು.

"ನಮಸ್ಕಾರ ಸಾರ್. ಎಲ್ಲೋ ನೋಡಿದ ಹಾಗಿದೆ. ಆದ್ರೆ ನೆನಪಿಟ್ಟುಕೊಳ್ಳೋ ಅಂಥ ಮುಖ ಅಲ್ಲ ಬಿಡಿ."

ಚಿಕ್ಕಪ್ಪ ಗಾಬರಿಯಾಗಿ ನಕ್ಕರು. "ಇವಳ ಮಾತೇ ಹಾಗೆ ಸಾರ್. ಮನಸ್ಸಲ್ಲಿ ಏನೂ ಇಟ್ಟುಕೊಳ್ಳಲ್ಲ."

ಮನಸ್ಸಿನಲ್ಲಿ ಏನಿತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತು. ಸಿಕ್ಕಿದೆಯಾ ಮಗನೇ ಎಂದು ಅದು ಕುಣಿಯುತ್ತಿತ್ತು.

ಚಿಕ್ಕಪ್ಪನದು ಲಾಂಡ್ರಿ. ಮನೆಬಟ್ಟೆ ಒಗೆಯುವ ಅಂಗಡಿಯಲ್ಲ, ಆಸ್ಪತ್ರೆಗಳ ಬೆಡ್‌ಶೀಟು, ಗೌನು, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಲಾರಿಗಟ್ಟಲೆ ಬಂದು ಹೋಗುವ ಕಾರ್ಖಾನೆ. ಅದನ್ನು ನಡೆಸುವವಳು ನಾನು. ಕೆಲಸಗಾರರು ನನ್ನನ್ನು ಬೆನ್ನ ಹಿಂದೆ 'ಬಾಯ್ಲರ್' ಅನ್ನುತ್ತಾರೆ. ಈಚೆಗೆ ಎದುರಿಗೂ ಅನ್ನುತ್ತಾರೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದು ನಿಜ, ಆದರೆ ಇವನ ಮೇಲಿನ ಕೋಪ ಮೂಗಿನದಲ್ಲ, ಹೊಟ್ಟೆಯೊಳಗಿನದು.

ಇಲ್ಲಿಗೆ ಬರುವ ಮುಂಚೆ, ಔಷಧಿ ಹಂಚುವ ದೊಡ್ಡ ಕಂಪನಿಯೊಂದರಲ್ಲಿ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯವರು. ಅವನ ಟಿಫಿನ್ ನಾನು ತಿನ್ನುತ್ತಿದ್ದೆ, ನನ್ನ ಬೈಗುಳ ಅವನು ತಿನ್ನುತ್ತಿದ್ದ. ಎರಡೂ ಮನೆಯಲ್ಲಿ ಹೇಳುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ನಮ್ಮ ಬಾಸ್ ಹಠ ಹಿಡಿದ, ಇಡೀ ಗೋದಾಮಿನ ಸಿಸ್ಟಮ್ಮನ್ನು ಒಂದೇ ಏಟಿಗೆ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ನಡೆಯುವ ದೂರದ ಬಾಡಿಗೆ ಕಂಪ್ಯೂಟರುಗಳಿಗೆ, ಹಾಕಬೇಕೆಂದು. ಬೇಡ, ತಡೀರಿ ಎಂದು ನಾನು ಬಾಯಿ ಬಡಿದುಕೊಂಡೆ. ಪಕ್ಕದಲ್ಲೇ ಕೂತಿದ್ದ ಇವನು ಅದನ್ನೆಲ್ಲ ಕೇಳಿಸಿಕೊಂಡಿದ್ದ.

ಹಾಕಿದ ದಿನವೇ ಗೋದಾಮು ನಿಂತುಹೋಯಿತು. ಮಾರನೆಯ ದಿನ ತುಂಬಿದ ಮೀಟಿಂಗ್‌ನಲ್ಲಿ ಬಾಸ್ ನನ್ನತ್ತ ಬೆರಳು ತೋರಿಸಿ, "ಇವಳ ಅವಸರದಿಂದ ಹೀಗಾಯ್ತು," ಎಂದ. ನಾನು ಇವನ ಕಡೆ ನೋಡಿದೆ. ಇವನು ಕಾಫಿ ಕಪ್ಪಿನೊಳಗೆ ನೋಡುತ್ತಿದ್ದ. ತುಟಿ ಪಿಟಕ್ಕೆನ್ನಲಿಲ್ಲ.

ನನ್ನ ಕೆಲಸ ಹೋಯಿತು, ಹೆಸರೂ ಹೋಯಿತು. ಆಮೇಲೆ ಇವನು ಫೋನ್ ಮಾಡಿದ, ಮಾಡುತ್ತಲೇ ಇದ್ದ. ನಾನು ಎತ್ತಲಿಲ್ಲ. ನಂಬರನ್ನು ಬ್ಲಾಕ್ ಕೂಡ ಮಾಡಲಿಲ್ಲ, ಬ್ಲಾಕ್ ಮಾಡಿದರೆ ಅವನು ಒದ್ದಾಡುವುದು ನನಗೆ ಗೊತ್ತಾಗುವುದಿಲ್ಲವಲ್ಲ. ರಿಂಗಾಗಿ ರಿಂಗಾಗಿ ನಿಲ್ಲುವುದನ್ನು ಕೇಳುವುದರಲ್ಲಿ ಒಂದು ಸುಖವಿತ್ತು. ಒಂದು ದಿನ ಅದೂ ನಿಂತಿತು. ಅವತ್ತು ಅತ್ತುಬಿಟ್ಟೆ.

ನಮ್ಮ ಲಾಂಡ್ರಿಯ ಮೊದಲ ಮೀಟಿಂಗ್‌ನಲ್ಲಿ ಅವನು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ.

"ಕ್ಲೌಡ್‌ಗೆ ಯಾಕೆ ಹೋಗ್ಬೇಕು ಅಂತಿದ್ದೀರಿ?" ಎಂದು ಚಿಕ್ಕಪ್ಪನನ್ನು ಕೇಳಿದ.

"ಎಲ್ರೂ ಹೋಗ್ತಿದಾರಲ್ಲ. ಆ ಕಡೆ ಬೀದಿ ಲಾಂಡ್ರಿಯವನೂ ಹೋದನಂತೆ."

"ಅವನು ಹೋದ ಅಂತ ನೀವೂ ಹೋಗೋದಾದ್ರೆ ನನಗೆ ಕೊಡೋ ಫೀಸು ದಂಡ. ಮೊದ್ಲು ಇದು ಹೇಳಿ, ನಿಮ್ಮ ವ್ಯಾಪಾರ ಯಾವುದು?"

"ಬಟ್ಟೆ ಒಗೆಯೋದು. ಇದೆಂಥ ಪ್ರಶ್ನೆ?"

"ಬಟ್ಟೆ ಯಾರದು?"

"ನಮ್ದೇ. ಆಸ್ಪತ್ರೆಯವರು ಬಾಡಿಗೆಗೆ ತಗೋತಾರೆ."

"ಹಾಗಾದ್ರೆ ಅವರು ದುಡ್ಡು ಕೊಡೋದು ಒಗೆಯೋದಕ್ಕಲ್ಲ. ಬೇಕಾದ ಹೊತ್ತಿಗೆ ಬೇಕಾದ ಬಟ್ಟೆ ಬಾಗಿಲಿಗೆ ಬರುತ್ತೆ ಅನ್ನೋ ನಂಬಿಕೆಗೆ. ಆ ನಂಬಿಕೆ ಗಟ್ಟಿ ಮಾಡೋದು ಏನೇನಿದೆಯೋ ಅಷ್ಟು ಕ್ಲೌಡ್‌ಗೆ ಹೋಗ್ಲಿ. ಉಳಿದದ್ದು ಇದ್ದಲ್ಲೇ ಇರ್ಲಿ."

ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ಕೂತರು. ನನಗೆ ಮೈ ಉರಿಯಿತು. 'ನಿಮ್ಮ ವ್ಯಾಪಾರ ಯಾವುದು' ಅನ್ನುವುದು ನನ್ನ ಪ್ರಶ್ನೆ. ಹಳೆಯ ಆಫೀಸಿನಲ್ಲಿ ನಾನು ಕೇಳುತ್ತಿದ್ದದ್ದು, ಬಾಸ್ ನಕ್ಕು ತಳ್ಳಿಹಾಕುತ್ತಿದ್ದದ್ದು. ಈಗ ಇವನು ಅದನ್ನು ಹೊತ್ತು ಮಾರುತ್ತಿದ್ದಾನೆ.

"ಈ ಪ್ರಶ್ನೆ ನಂದಲ್ಲ," ಎಂದ ಅವನು, ನಾನು ಬಾಯಿ ತೆರೆಯುವ ಮೊದಲೇ. "ಕಲಿಸಿದವರು ಬೇರೆ. ನನಗಿಂತ ಚೆನ್ನಾಗಿ ಕೇಳ್ತಿದ್ರು."

ಹೇಳುವಾಗ ನನ್ನನ್ನೇ ನೋಡಿದ. ಆ ನೋಟದಲ್ಲಿ ಮೊದಲಿನ ತುಂಟತನ ಇರಲಿಲ್ಲ, ಬಾಗಿಲ ಹೊರಗೆ ನಿಂತವರ ಹಾಗೆ ಕಾಯುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಕಿವಿ ಬಿಸಿಯಾಗಿತ್ತು.

ಕೆಲಸಗಾರರು ಅವನಿಗೆ ಮೋಡಪ್ಪ ಎಂದು ಹೆಸರಿಟ್ಟರು. ಮೋಡಪ್ಪ ದಿನವಿಡೀ ಕಾರ್ಖಾನೆಯೊಳಗೇ ಇರುತ್ತಿದ್ದ. ಹಬೆಗೆ ಅವನ ಕನ್ನಡಕ ಮಂಜಾಗುತ್ತಿತ್ತು, ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತಿದ್ದ. ಆ ಅಭ್ಯಾಸಕ್ಕೆ ಮೊದಲು ಎಷ್ಟು ಬೈದಿದ್ದೆ. ಒಂದು ದಿನ ತಡೆಯಲಾಗದೆ ಕಟ್ಟಿನಿಂದ ಒಂದು ಮೆತ್ತನೆ ಬಟ್ಟೆ ತೆಗೆದು ಅವನ ಕೈಗೆ ತುರುಕಿದೆ.

"ಗಾಜಿಗೆ ಗೆರೆ ಬೀಳುತ್ತೆ. ನಮ್ಮ ಯಂತ್ರದ ಮೇಲೆ ಎಡವಿ ಬಿದ್ದು ಕೇಸು ಹಾಕ್ತೀರಿ ಆಮೇಲೆ."

"ಥ್ಯಾಂಕ್ಸ್. ನೀನು ಇನ್ನೂ..."

"ನೀವು."

"ನೀವು ಇನ್ನೂ ಹಾಗೇ ಇದ್ದೀರಿ."

"ಇಲ್ಲ ಸಾರ್, ಕೆಟ್ಟಿದ್ದೀನಿ. ಸ್ವಲ್ಪ ದಿನದಲ್ಲಿ ಗೊತ್ತಾಗುತ್ತೆ."

ಅವನು ನಕ್ಕ. ಆ ನಗು ನೋಡಿ ಎದೆ ಒಂದು ಕ್ಷಣ ಕೈಕೊಟ್ಟಿತು. ಅದಕ್ಕೂ ಸೇರಿಸಿ ಸೇಡು ತೀರಿಸಿಕೊಳ್ಳಬೇಕೆಂದುಕೊಂಡೆ.

ದಾರಿಯನ್ನು ಅವನೇ ತೋರಿಸಿಕೊಟ್ಟ. ನಮ್ಮ ಪ್ರತಿ ಬೆಡ್‌ಶೀಟಿನ ಅಂಚಿನಲ್ಲಿ ಒಂದು ಸಣ್ಣ ಚಿಪ್ ಹೊಲಿದಿರುತ್ತದೆ. ಬಟ್ಟೆ ಹೊರಗೇಟು ದಾಟುವಾಗ ಯಾವ ಆಸ್ಪತ್ರೆಗೆ ಏನು ಹೋಯಿತು ಎಂದು ಗೇಟೇ ಎಣಿಸುತ್ತದೆ, ಎಣಿಸದೆ ತೆರೆಯುವುದಿಲ್ಲ. ಗೇಟಿನ ಬುದ್ಧಿಯೆಲ್ಲ ಬಾಯ್ಲರ್ ಪಕ್ಕದ ಕೋಣೆಯ ಒಂದು ಹಳೆ ಸರ್ವರ್ ಡಬ್ಬದಲ್ಲಿತ್ತು. ಸೆಕೆಗೆ ಅದು ಆಗಾಗ ಕಣ್ಣು ಮುಚ್ಚುತ್ತಿತ್ತು. ಚಿಕ್ಕಪ್ಪ ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟು, ಕಾಯಿಲೆಯವರನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದರು.

"ಈ ಡಬ್ಬ ತೆಗೆದುಬಿಡೋಣ," ಎಂದ ಅವನು ಕೊನೆಯ ಮೀಟಿಂಗ್‌ನಲ್ಲಿ. "ಗೇಟು ಕ್ಲೌಡ್‌ನಿಂದ ನಡೀಲಿ. ಇಂಟರ್ನೆಟ್ ಹೋದ್ರೆ ಅಂತ ಎರಡು ಬೇರೆ ಬೇರೆ ಕಂಪನಿಯ ಲೈನ್ ಹಾಕಿಸ್ತೀನಿ. ಒಂದು ಹೋದ್ರೆ ಇನ್ನೊಂದು. ಯಾರಿಗಾದ್ರೂ ಅನುಮಾನ ಇದೆಯಾ?"

ನನಗೆ ಇರಲಿಲ್ಲ. ನನಗೆ ಗೊತ್ತೇ ಇತ್ತು. ಹಿಂದೊಮ್ಮೆ ನಮ್ಮ ಬೀದಿ ಅಗೆದಾಗ ಕಣ್ಣಾರೆ ನೋಡಿದ್ದೆ. ಕಂಪನಿ ಎರಡಾದರೂ ಬೀದಿಯ ಕೆಳಗೆ ಪೈಪು ಒಂದೇ. ಎರಡು ಕೇಬಲ್ಲೂ ಅದೇ ಪೈಪಿನಲ್ಲಿ ಅಣ್ಣತಮ್ಮಂದಿರ ಹಾಗೆ ಮಲಗಿದ್ದವು. ಒಂದು ಏಟು ಬಿದ್ದರೆ ಎರಡೂ ಹೋಗುತ್ತವೆ.

ನಾನು ಕಾಫಿ ಕಪ್ಪಿನೊಳಗೆ ನೋಡಿದೆ.

ಮೀಟಿಂಗ್ ಮುಗಿದ ಮೇಲೆ ಪಡಸಾಲೆಯಲ್ಲಿ ಅವನು ಅಡ್ಡ ನಿಂತ. "ನಾನು ಏನಾದ್ರೂ ಬಿಟ್ಟಿದ್ದೀನಾ? ನಿಮ್ಮನ್ನೇ ಕೇಳ್ತಿದ್ದೀನಿ."

"ನೀವು ದೊಡ್ಡವರು ಸಾರ್. ನಿಮಗೆ ತಿಳಿಯದ್ದು ನಮಗೇನು ತಿಳಿಯುತ್ತೆ," ಎಂದು ಹೊರಟೆ. ಹೊಟ್ಟೆ ತಣ್ಣಗಾಯಿತು. ಮೌನಕ್ಕೆ ಮೌನ.

ಲಾಂಡ್ರಿಗೆ ಬೆಂಕಿ ಇಡುವಷ್ಟು ಹುಚ್ಚಿ ನಾನಲ್ಲ. ಗೇಟು ಕ್ಲೌಡ್‌ಗೆ ಹೋದ ಮೇಲೆ ಹಳೆ ಡಬ್ಬವನ್ನು ಗುಜರಿಗೆ ಹಾಕದೆ, ಸ್ಟೋರಿನಲ್ಲಿ ಹಳೆ ಪರದೆಗಳ ಕೆಳಗೆ ಬಚ್ಚಿಟ್ಟಿದ್ದೆ. ಪ್ರತಿ ಸಂಜೆ ಅದಕ್ಕೆ ಗೇಟಿನ ಅಂದಿನ ಲೆಕ್ಕ ತುಂಬಿಸುತ್ತಿದ್ದೆ. ಲೈನು ಹೋಗಬೇಕು, ಎಲ್ಲರೆದುರು ಅವನ ಮುಖ ಕಪ್ಪಿಡಬೇಕು, ಅವನು ಬೆವರುವಾಗ ನಾನು ಡಬ್ಬದೊಂದಿಗೆ ನಿಧಾನವಾಗಿ ಬರಬೇಕು. ಮಲಗುವ ಮುಂಚೆ ಆ ದೃಶ್ಯವನ್ನು ಸಿನಿಮಾ ಹಾಗೆ ನೋಡುತ್ತಿದ್ದೆ.

ಆ ದಿನ ಬಿಸಿಲು ಚೆನ್ನಾಗಿತ್ತು. ನಮ್ಮ ಗಿರಾಕಿಗಳಲ್ಲಿ ಅತಿ ದೊಡ್ಡ ಆಸ್ಪತ್ರೆಯಿಂದ, ಅಲ್ಲಿನ ಬಟ್ಟೆ ದಾಸ್ತಾನು ನೋಡಿಕೊಳ್ಳುವ ಸ್ಟೋರ್ ಮೇಡಂ ಬಂದಿದ್ದರು. ಹೊಸ ವ್ಯವಸ್ಥೆ ನೋಡಿ, ಒಪ್ಪಿಗೆಯಾದರೆ ಗುತ್ತಿಗೆ ಮುಂದುವರಿಸುವವರಿದ್ದರು. ಲಾಂಡ್ರಿಯ ಅರ್ಧ ಹೊಟ್ಟೆ ತುಂಬುವುದೇ ಆ ಗುತ್ತಿಗೆಯಿಂದ. ನಾನು ಕಾಫಿ ಬಗ್ಗಿಸುತ್ತ ಕಿಟಕಿಯಿಂದ ನೋಡಿದರೆ, ಬೀದಿಯ ತುದಿಯಲ್ಲಿ ನೀರಿನ ಪೈಪು ಹಾಕುವವರ ಅಗೆಯುವ ಯಂತ್ರ ಬಂದು ನಿಂತಿತ್ತು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಫಿಗೆ ಸಕ್ಕರೆ ಹಾಕಿದೆ.

ಗೇಟಿನ ದೀಪ ಕೆಂಪಾಯಿತು. ಅವನು ಎರಡನೇ ಲೈನಿಗೆ ಬದಲಿಸಿದ. ಅದೂ ಸತ್ತಿತ್ತು. ಥಿಯೇಟರ್ ಬಟ್ಟೆ ತುಂಬಿದ ಗಾಡಿಗಳು ಗೇಟಿನ ಒಳಗೇ ಸಾಲಾಗಿ ನಿಂತವು.

"ಮಧ್ಯಾಹ್ನ ಥಿಯೇಟರ್‌ಗೆ ಈ ಬಟ್ಟೆ ಬೇಕು ನಮಗೆ," ಎಂದರು ಸ್ಟೋರ್ ಮೇಡಂ. ದನಿ ಏರಿಸಲಿಲ್ಲ, ಅದಕ್ಕೇ ಭಯವಾಯಿತು.

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. "ಏನ್ರೀ ಇದು? ಎರಡು ಲೈನ್ ಇದೆ ಅಂದಿದ್ರಲ್ಲ," ಎಂದು ಅವನ ಮೇಲೆ ಹರಿಹಾಯ್ದವರು ನನ್ನತ್ತ ತಿರುಗಿದರು. "ನೀನೂ ಮೀಟಿಂಗಲ್ಲಿ ಕೂತಿದ್ದೆಯಲ್ಲ, ನಿನಗೂ ಹೊಳೀಲಿಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನಮ್ಮಿಬ್ಬರ ನಡುವೆ ಬಂದು ನಿಂತಿದ್ದ.

"ಅವರನ್ನ ಕೇಳ್ಬೇಡಿ. ಪ್ಲಾನ್ ನಂದು, ತಪ್ಪು ನಂದು. ಅವರದು ಇದರಲ್ಲಿ ಏನೂ ಇಲ್ಲ."

ಈ ಮಾತಿಗೆ ನಾನು ಎಷ್ಟು ಕಾಲದಿಂದ ಕಾದಿದ್ದೆ. ಆವತ್ತು ಆ ಮೀಟಿಂಗ್‌ನಲ್ಲಿ ಬೇಕಿದ್ದ ಮಾತು ಇದು, ಒಂದಕ್ಷರ ಆಚೀಚೆ ಇಲ್ಲದೆ. ಈಗ ಹೇಳುತ್ತಿದ್ದಾನೆ, ನಾನು ತಪ್ಪು ಮಾಡಿ ನಿಂತಿರುವಾಗ. ನನ್ನ ಸೇಡನ್ನೂ ನನ್ನ ಕೈಯಿಂದ ಕಿತ್ತುಕೊಂಡ. ಅಷ್ಟು ಸಿಟ್ಟು ನನಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

"ಸುಳ್ಳು," ಎಂದೆ. "ಪೈಪು ಒಂದೇ ಅಂತ ನನಗೆ ಮೊದಲೇ ಗೊತ್ತಿತ್ತು. ಬೇಕು ಅಂತಲೇ ಹೇಳಲಿಲ್ಲ. ಹಳೆ ಡಬ್ಬ ಸ್ಟೋರಲ್ಲಿದೆ, ಪರದೆಗಳ ಕೆಳಗೆ. ಬಾ, ಎತ್ತಿಕೋ."

ಅವನು ಹಿಂದೆಯೇ ಓಡಿ ಬಂದ. ಇಬ್ಬರೂ ಸೇರಿ ಡಬ್ಬ ಹೊತ್ತು ತಂದೆವು, ವೈರು ಸಿಕ್ಕಿಸಿದೆವು. ಮಂಜಾದ ಕನ್ನಡಕವನ್ನು ಅವನು ಜೇಬಿನಿಂದ ತೆಗೆದ ಬಟ್ಟೆಯಲ್ಲಿ ಒರೆಸಿಕೊಂಡ. ನಾನು ಕೊಟ್ಟ ಬಟ್ಟೆ. ದೀಪ ಹಸಿರಾಯಿತು, ಗಾಡಿಗಳು ಹೊರಟವು.

"ನಿಮ್ಮ ಜಗಳ ಏನಿದೆಯೋ ನನಗೆ ಬೇಡ," ಎಂದರು ಸ್ಟೋರ್ ಮೇಡಂ. "ಲೈನ್ ಇಲ್ಲದಿದ್ರೂ ಗೇಟು ನಡೆಯೋ ಹಾಗೆ ಮಾಡಿ ತೋರಿಸಿ. ಅಲ್ಲೀವರೆಗೂ ನನ್ನ ಸಹಿ ಇಲ್ಲ."

ಅವರು ಹೋದ ಮೇಲೆ ಚಿಕ್ಕಪ್ಪ ಸ್ಟೂಲಿನ ಮೇಲೆ ಕುಸಿದರು. "ಅವನಿಗೆ ನೀರು ಕುಡಿಸೋಕೆ ನನ್ನ ಲಾಂಡ್ರೀನೇ ಬೇಕಿತ್ತಾ ನಿನಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಬಾಯ್ಲರ್ ಪಕ್ಕದ ಕೋಣೆಯಲ್ಲಿ ಫ್ಯಾನ್ ಗರಗರ ತಿರುಗುತ್ತಿತ್ತು. ನಾವಿಬ್ಬರೇ ಇದ್ದೆವು.

"ಯಾಕೆ ಅಡ್ಡ ಬಂದೆ?" ಎಂದೆ.

"ಆವತ್ತು ಬರಲಿಲ್ವಲ್ಲ."

"ಆವತ್ತು ಯಾಕೆ ಬರಲಿಲ್ಲ?"

"ಹೆದರಿದೆ. ಸಾವಿರ ಕಾರಣ ಕಟ್ಟಿ ಹೇಳ್ಬಹುದು. ಆದ್ರೆ ಹೆದರಿದ್ದು, ಅಷ್ಟೇ." ಅವನು ಡಬ್ಬದ ಮೇಲಿನ ಧೂಳನ್ನು ಬೆರಳಲ್ಲಿ ಸವರಿದ. "ಮೀಟಿಂಗಲ್ಲಿ ನೀನು ಕಾಫಿ ಕುಡೀಲೇ ಇಲ್ಲ, ಕಪ್ಪು ಮಾತ್ರ ನೋಡ್ತಿದ್ದೆ. ಏನೋ ಇದೆ ಅಂತ ಆಗಲೇ ಅನ್ನಿಸ್ತು. ಆ ನೋಟ ನನಗೆ ಗೊತ್ತು. ಅದು ನಂದು."

ಎದೆಗೆ ಚುಚ್ಚಿದ ಹಾಗಾಯಿತು. ಅವನಿಗೆ ಪಾಠ ಕಲಿಸಲು ಹೋಗಿ ಅವನೇ ಆಗಿಬಿಟ್ಟಿದ್ದೆ. ಅದಕ್ಕೂ ಅವನ ಮೇಲೇ ಕೋಪ ಬಂತು. ಕೋಪದ ಬೆನ್ನಿಗೇ ಅವನ ಭುಜಕ್ಕೆ ತಲೆ ಆನಿಸಬೇಕೆಂಬ ಆಸೆಯೂ ಬಂತು, ಹಾಳಾದ್ದು.

"ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ," ಎಂದೆ. "ನನ್ನ ಮಾನ ಹೋದದ್ದು ಇಲ್ಲಲ್ಲ. ಅಲ್ಲಿ ಹೋಗಿ ಹೇಳು. ಅದೇ ರೂಮಲ್ಲಿ, ಅವನೆದುರಿಗೆ."

"ಆ ಕಂಪನಿಯವರು ಈಗ ನನ್ನ ಕ್ಲೈಂಟು. ನನ್ನ ಅರ್ಧ ಕೆಲಸ ಅವರದೇ."

"ಗೊತ್ತು. ಅದಕ್ಕೇ ಹೇಳ್ತಿರೋದು."

ಅವನು ಫ್ಯಾನನ್ನು ಡಬ್ಬದ ಕಡೆಗೆ ಸರಿಯಾಗಿ ತಿರುಗಿಸಿದ. "ಮೊದ್ಲು ಇಲ್ಲಿ ಕೆಲಸ ಸರಿ ಮಾಡೋಣ. ಆಮೇಲೆ ಹೋಗೋಣ. ನೀನೂ ಬಾ."

ಗೇಟಿನ ಬುದ್ಧಿ ಗೇಟಿನ ಬಳಿಯೇ, ತಣ್ಣನೆ ಕೋಣೆಯ ಹೊಸ ಡಬ್ಬದಲ್ಲಿ ಉಳಿಯಿತು. ಯಾವ ಆಸ್ಪತ್ರೆಗೆ ನಾಳೆ ಎಷ್ಟು ಬೇಕಾದೀತು, ಯಾವ ಬಟ್ಟೆ ಎಲ್ಲಿ ಕಳೆಯಿತು ಎಂಬುದೆಲ್ಲ ಕ್ಲೌಡ್‌ಗೆ ಹೋಯಿತು. ಸ್ಟೋರ್ ಮೇಡಂ ತಾವೇ ಲೈನ್ ಕಿತ್ತು, ಗೇಟು ನಡೆಯುವುದನ್ನು ನೋಡಿ ಸಹಿ ಹಾಕಿದರು. ಚಿಕ್ಕಪ್ಪ ನನ್ನೊಡನೆ ಮತ್ತೆ ಮಾತಾಡಿದರು.

ಹಳೆಯ ಆಫೀಸಿನ ಮೀಟಿಂಗ್ ರೂಮಿನ ಉದ್ದನೆ ಮೇಜು ಬದಲಾಗಿರಲಿಲ್ಲ. ಬಾಸ್ ನನ್ನನ್ನು ನೋಡಿ ಹುಬ್ಬೇರಿಸಿದ. ನಾನು ಆವತ್ತಿನ ಕುರ್ಚಿಯಲ್ಲೇ ಕೂತೆ. ಮೋಡಪ್ಪ ಕೂರಲಿಲ್ಲ.

"ರಿವ್ಯೂಗೆ ಮುಂಚೆ ಒಂದು ಮಾತು," ಎಂದ. ಎದುರಿನ ಕಾಫಿ ಕಪ್ಪನ್ನು ಪಕ್ಕಕ್ಕೆ ಸರಿಸಿದ. "ಗೋದಾಮು ನಿಲ್ಲೋ ಮುಂಚೆಯೇ ಇವರು ಬೇಡ ಅಂದಿದ್ರು. ಮಾಡಿಸಿದ್ದು ನೀವು. ನಾನು ಪಕ್ಕದಲ್ಲೇ ಇದ್ದು ಕೇಳಿಸಿಕೊಂಡಿದ್ದೆ. ಇವರ ಮೇಲೆ ನೀವು ಸುಳ್ಳು ಹೊರಿಸಿದಾಗ ನಾನು ಬಾಯಿ ಮುಚ್ಕೊಂಡಿದ್ದೆ. ಇದನ್ನ ಇಲ್ಲಿರೋ ಎಲ್ರೂ ಕೇಳಿಸಿಕೊಳ್ಳಲಿ."

ಮೇಜಿನ ಸುತ್ತ ಇದ್ದ ಎಲ್ಲರೂ ಬಾಸ್ ಕಡೆ ನೋಡಿದರು. ಬಾಸ್ ಕಪ್ಪಿನೊಳಗೆ ನೋಡಿದ.

"ಕಾಫಿ ಚೆನ್ನಾಗಿದೆಯಾ ಸಾರ್?" ಎಂದು ಕೇಳಿ ನಾನು ಎದ್ದೆ.

ಕೆಳಗೆ ಲಿಫ್ಟಿನ ಮುಂದೆ ಬಂದು ನಿಂತೆವು. ಅರ್ಧ ಕೆಲಸ ಕಳೆದುಕೊಂಡವನ ಮುಖದಲ್ಲಿ ಇರಬಾರದಷ್ಟು ಹಗುರ ಇತ್ತು.

"ಸೇಡು ತೀರಿತಾ?" ಎಂದ.

"ಅವನದು ತೀರಿತು. ನಿಂದು ಬಾಕಿ ಇದೆ."

ಅವನು ಫೋನ್ ತೆಗೆದು ಒಂದು ನಂಬರ್ ಒತ್ತಿದ. ನನ್ನ ಚೀಲದೊಳಗೆ ಫೋನ್ ರಿಂಗಾಯಿತು. ಇಬ್ಬರ ಭುಜವೂ ತಾಗುವಷ್ಟು ಹತ್ತಿರ ನಿಂತಿದ್ದೆವು. ನಾನು ಚೀಲಕ್ಕೆ ಕೈ ಹಾಕಲಿಲ್ಲ. ರಿಂಗಾಗಿ ರಿಂಗಾಗಿ ನಿಂತಿತು. ಅವನ ಮುಖ ಬಾಡುವುದನ್ನು ಕಣ್ತುಂಬ ನೋಡಿದೆ.

"ಇನ್ನೊಂದು ಸಲ ಮಾಡು," ಎಂದೆ.

ಮಾಡಿದ. ಎತ್ತಿದೆ.

"ಯಾರು ಬೇಕಾಗಿತ್ತು?" ಎಂದು, ಅವನ ಕಣ್ಣನ್ನೇ ನೋಡುತ್ತ ಫೋನಿನಲ್ಲಿ ಕೇಳಿದೆ.

"ನೀನು," ಎಂದ, ಅವನೂ ಫೋನಿನಲ್ಲೇ.

"ಎಷ್ಟು ತಡ ಮಾಡಿದೆಯೋ," ಎಂದೆ. ಬೈಯಬೇಕೆಂದೇ ಶುರು ಮಾಡಿದ್ದೆ, ಆದರೆ ಫೋನ್ ಇಳಿಸಿ ಅವನ ಭುಜಕ್ಕೆ ತಲೆ ಆನಿಸಿದೆ.