ಗಂಡನ ಆದಾಯ ಎಷ್ಟು?

"ನನ್ನ ಗಂಡ ಯಾರು ಅಂತ ಹೇಳಿ ದರ್ಶನ್!"

ಮೂಡಿಗೆರೆಯ ಆ ಪುಟ್ಟ ಟ್ಯಾಕ್ಸ್ ಆಫೀಸಿನ ಬಾಗಿಲಲ್ಲಿ ನಿಂತು ಕೃತಿಕಾ ಕೇಳಿದ ರಭಸಕ್ಕೆ ದರ್ಶನ್ ಬೆಚ್ಚಿಬಿದ್ದ. ವಿಡಿಯೋ ಕಾಲಿನಲ್ಲಷ್ಟೇ ನೋಡಿದ್ದ ಮುಖ ಇವತ್ತು ಎದುರಿಗೇ... ಅದೂ ಕೆಂಡಾಮಂಡಲವಾಗಿ!

ಕೆನಡಾದಲ್ಲಿ ಓದುವ ಈ ಕಡೆಯ ಮಕ್ಕಳಿಗೆಲ್ಲ ಅಲ್ಲಿನ ತೆರಿಗೆ ರಿಟರ್ನ್ ತುಂಬಿಕೊಡುವವನು ಇವನೇ. ಬಣಕಲ್ಲಿನ ಕೃತಿಕಾಳಿಗೂ ಇವನೇ. ಪಾರ್ಟ್‌ಟೈಮ್ ಸಂಬಳ, ಕಾಲೇಜು ಫೀಸು ಅಂತ ಶುರುವಾದ ಮಾತು ಗಂಟೆಗಟ್ಟಲೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಕಳೆದ ವರ್ಷ ರಿಟರ್ನ್ ಕಳಿಸಿದ್ದೇ ತಡ, ಪುಣ್ಯಾತ್ಮ ಫೋನೆತ್ತುವುದನ್ನೇ ಬಿಟ್ಟ! ಮೆಸೇಜಿಗೆ "ಸರಿ ಮೇಡಂ" ಅಷ್ಟೇ. ಅವಳು ಎಷ್ಟು ಅತ್ತಿದ್ದಳೋ ಅವಳಿಗೇ ಗೊತ್ತು.

ಈಗ ರಜೆಗೆ ಬಂದವಳ ಕೈಯಲ್ಲಿ ಅಲ್ಲಿನ ತೆರಿಗೆ ಇಲಾಖೆಯ ಪತ್ರವಿತ್ತು.

"ಗಂಡನ ಆದಾಯ ಎಷ್ಟು ಅಂತ ಕೇಳಿದಾರೆ. ನಂಗೆ ಮದುವೆ ಆಗಿದೆ ಅಂತ ಬರ್ದಿದೀರಿ!"

"ನಿಮ್ಗೆ ಪರೀಕ್ಷೆ ಅಂತ ಆ ಸಲ ನಮ್ಮ ಆಫೀಸಿನ ಮಾಹಿತಿ ಫಾರಂ ತುಂಬಿದ್ದು ನಿಮ್ಮ ಅಪ್ಪ. ಅದ್ರಲ್ಲಿ ಹಾಗೇ ಇತ್ತಲ್ಲ..."

ಕೃತಿಕಾ ಹಣೆ ಚಚ್ಚಿಕೊಂಡಳು. ಆಗ ಅಪ್ಪ ರೇಣುಕಪ್ರಸಾದ್ ಅವಳನ್ನು ಕೇಳದೆಯೇ ಬಾಳೂರಿನ ಪ್ಲಾಂಟರ್ ಮನೆಯವರ ಜೊತೆ ವೀಳ್ಯ ಬದಲಾಯಿಸಿಕೊಂಡು ಬಂದಿದ್ದರು. ವೀಳ್ಯ ಆಯಿತೆಂದರೆ ಮದುವೆ ಆದ ಹಾಗೇ ಅವರಿಗೆ!

"ಆ ಸಂಬಂಧ ತಿಂಗಳೊಳಗೇ ಮುರೀತು ಮಾರಾಯ್ರೆ! ನಾನೇ ಬೇಡ ಅಂದೆ. ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಸಹಿ ಹಾಕೋ ಮುಂಚೆ ನೀವಾದ್ರೂ ಓದ್ಬಾರ್ದಿತ್ತಾ?"

"ನೀವು ಬರ್ದಿದ್ದನ್ನ ನಾನ್ಯಾಕೆ ಓದ್ಲಿ? ನಂಬಿದ್ದೆ!"

ದರ್ಶನ್ ತಲೆ ತಗ್ಗಿಸಿದ. "ಉಳಿದದ್ದೆಲ್ಲ ಎರಡೆರಡು ಸಲ ಕೇಳಿ ಬರ್ದೆ. ಅದೊಂದನ್ನ ಕೇಳೋಕೆ ಧೈರ್ಯ ಬರ್ಲಿಲ್ಲ ಕೃತಿಕಾ. ನೀವು ಹೌದು ಅಂದ್ಬಿಟ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ."

ಅಯ್ಯೋ ಹುಚ್ಚಪ್ಪಾ... ಇದಕ್ಕಾಗಿ ಒಂದು ವರ್ಷ ಅಳಿಸಿದೆಯಾ! ಅವಳ ಸಿಟ್ಟು ಜರ್ರನೆ ಇಳಿಯಿತು. ಆದರೂ ಹುಡುಗಿ ಬಿಟ್ಟುಕೊಡಲಿಲ್ಲ.

"ಮೊದಲು ತಪ್ಪು ತಿದ್ದಿ."

ಅವನು ತಿದ್ದುಪಡಿಯ ಫಾರಂ ತೆರೆದು ಪರದೆಯನ್ನು ಅವಳ ಕಡೆಗೇ ತಿರುಗಿಸಿದ.

"ಮದುವೆ ಆಗಿದ್ಯಾ?"

"ಇಲ್ಲ."

"ಮನಸ್ಸಲ್ಲಿ ಯಾರಾದ್ರೂ..."

"ಆ ಪ್ರಶ್ನೆ ಫಾರಂನಲ್ಲಿ ಇಲ್ವಲ್ಲ!"

"ಇಲ್ಲ. ನಾನು ಕೇಳ್ತಿರೋದು."

ಕೃತಿಕಾಳ ಕೆನ್ನೆ ಬಿಸಿಯಾಯಿತು. "ಇದಾರೆ. ಫೋನೇ ಎತ್ತಲ್ಲ ಆಸಾಮಿ!"

ದರ್ಶನ್ ತಡಮಾಡಲಿಲ್ಲ. ಫೋನ್ ಸ್ಪೀಕರಿಗೆ ಹಾಕಿ ರೇಣುಕಪ್ರಸಾದರಿಗೇ ಕರೆ ಮಾಡಿದ.

"ಸರ್, ಟ್ಯಾಕ್ಸ್ ಆಫೀಸಿನ ದರ್ಶನ್. ಕೃತಿಕಾನ ನಂಗೆ ಮದುವೆ ಮಾಡ್ಕೊಡ್ತೀರಾ?"

ಕೃತಿಕಾ ಗಡಬಡಿಸಿ ಮೇಜಿನ ಹತ್ತಿರಕ್ಕೆ ಬಂದಳು.

"ಅವಳನ್ನ ಕೇಳಿದ್ಯಾ ಮಾರಾಯ?" ಆ ಕಡೆಯಿಂದ ಅಪ್ಪನ ದನಿ ಬಂತು. "ನಾನು ಒಂದ್ಸಲ ಕೇಳ್ದೇ ಮಾಡಿ ಅನುಭವಿಸಿದೀನಿ!"

ದರ್ಶನ್ ಅವಳ ಕಣ್ಣನ್ನೇ ನೋಡಿದ. "ಕೇಳ್ತಿದೀನಿ. ಒಪ್ಪಿಗೆನಾ?"

"ಒಪ್ಪಿಗೆ." ಅವಳು ಫೋನಿನ ಹತ್ತಿರ ಬಗ್ಗಿದಳು. "ಕೇಳಿಸ್ತಾ ಅಪ್ಪಾ? ಒಪ್ಪಿಗೆ!"

"ಹಾಗಾದ್ರೆ ಊಟಕ್ಕೆ ಕರ್ಕೊಂಡ್ ಬಾ," ಅಂದರು ಅಪ್ಪ.

"ಓದು ಮುಗಿಯೋಕೆ ಇನ್ನೊಂದು ವರ್ಷ ಇದೆ. ಕಾಯ್ತೀರಾ?" ಅವಳು ಮೆಲ್ಲಗೆ ಕೇಳಿದಳು.

"ವರ್ಷ ಏನು, ಎಷ್ಟಾದ್ರೂ ಕಾಯ್ತೀನಿ. ಊಟಕ್ಕೆ ಮಾತ್ರ ಕಾಯಲ್ಲ, ನಡೀರಿ!"

ಕೃತಿಕಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕು ಅವನ ಕೈ ಹಿಡಿದಳು.