ನದಿಯಾಚೆಯ ಸಿಗ್ನಲ್

"ಸ್ವಲ್ಪ ಎಡಕ್ಕೆ ತಿರುಗಿಸು... ಇನ್ನೊಂದು ಚೂರು... ಹಾಂ, ಸಾಕು ಕಣೇ."

ಕಂಟ್ರೋಲ್ ರೂಮಿನ ವಾಕಿಟಾಕಿಯಲ್ಲಿ ಅವನ ದನಿ ಕೇಳಿ ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

ಕಣೇ...?

ಕೇಬಲ್ ಎಳೆಯಲಾಗದ ಕಡೆಗೆ ಗಾಳಿಯಲ್ಲೇ ಇಂಟರ್‌ನೆಟ್ ಮುಟ್ಟಿಸುವುದು ಅವರ ಕಂಪನಿಯ ಕಸುಬು. ನಾಲ್ಕು ವರ್ಷ ಒಂದು ಛಾವಣಿಯ ಮೇಲೆ ಅವನು, ಮೈಲಿಯಾಚೆಯ ಇನ್ನೊಂದರ ಮೇಲೆ ಅವಳು. ಎರಡು ಡಿಶ್‌ಗಳು ಸರಿಯಾಗಿ ಎದುರುಬದುರಾಗುವವರೆಗೆ ಮಾತು, ನಗು, ಜಗಳ. ಆದರೂ ಅವನು ಒಂದು ದಿನವೂ ಅವಳನ್ನು 'ನೀವು' ಬಿಟ್ಟು ಕರೆದವನಲ್ಲ. ನಿನ್ನೆ ಮೊನ್ನೆ ಬಂದವಳು ಆಗಲೇ 'ಕಣೇ' ಆಗಿದ್ದಳು.

ಎರಡು ವಾರದ ಹಿಂದೆ ಕಾರಣವನ್ನೂ ಹೇಳದೆ ಸರ್ ಅವಳನ್ನು ಛಾವಣಿಯಿಂದ ಇಳಿಸಿ ಕಂಟ್ರೋಲ್ ರೂಮಿನಲ್ಲಿ ಕೂರಿಸಿದ್ದರು. ಅವಳ ಜಾಗಕ್ಕೆ ಈ ಹೊಸಬಳು. ಇವತ್ತು ನದಿಯಾಚೆಯ ಆಸ್ಪತ್ರೆಗೆ ಲಿಂಕ್ ಕೊಡಬೇಕಿತ್ತು.

"ಇಷ್ಟೇ ಬರೋದು ಅನ್ಸುತ್ತೆ, ಬಿಗಿ ಮಾಡ್ಲಾ?" ಹೊಸಬಳು ಕೇಳಿದಳು.

ಅವಳು ತೆರೆ ನೋಡಿದಳು. ಸಿಗ್ನಲ್ ಅರ್ಧಕ್ಕೇ ನಿಂತಿತ್ತು. ಡಿಶ್‌ನ ನಡುವಿನ ಬಲವಾದ ಕಿರಣ ಬಿಟ್ಟು ಅಂಚಿನ ದುರ್ಬಲ ಕಿರಣಕ್ಕೆ ಮೋಸಹೋಗಿದ್ದರು. ಅವಳಿಗೆ ಅದು ಗೊತ್ತು. ಅವರಿಗೆ ಗೊತ್ತಾಗಿಲ್ಲ.

'ಬಿಗಿ ಮಾಡಲಿ. ನಾಳೆ ಲಿಂಕ್ ಬಿದ್ದಾಗ ನಾನು ಯಾರು ಅಂತ ಗೊತ್ತಾಗಲಿ.'

ಒಂದು ಕ್ಷಣ ಹಾಗೆಯೇ ಕೂತಳು. ಬೀಳುವುದು ಆಸ್ಪತ್ರೆಯ ಲಿಂಕ್... ನಾಚಿಕೆಯಾಗಿ ವಾಕಿಟಾಕಿಯ ಗುಂಡಿ ಒತ್ತಿದಳು.

"ಬಿಗಿ ಮಾಡ್ಬೇಡಿ. ಇನ್ನೂ ಎಡಕ್ಕೆ ತಿರುಗಿಸಿ. ಸಿಗ್ನಲ್ ಕಡಿಮೆ ಆದ್ರೂ ನಿಲ್ಲಿಸ್ಬೇಡಿ."

ಸಿಗ್ನಲ್ ಕುಸಿಯಿತು. ಮರುಕ್ಷಣ ಎರಡರಷ್ಟಾಗಿ ಚಿಮ್ಮಿತು.

"ಅಕ್ಕಾ, ಬಂತು! ನಿಮ್ಮಷ್ಟು ಕೆಲಸ ಗೊತ್ತಿರೋರಿಲ್ಲ ಅಂತ ಅಣ್ಣ ಹೇಳ್ತಾನೇ ಇರ್ತಾನೆ. ಅವನ ಪಕ್ಕದ ಮನೇಲೇ ಬೆಳೆದೋಳು ನಾನು, ಅವನ ಮನಸ್ಸು ನನಗೆ ಗೊತ್ತಿಲ್ವಾ? ನಮ್ಮ ಕಂಪನೀಲಿ ಗಂಡ ಹೆಂಡತಿ ಇಬ್ರೂ ಛಾವಣಿ ಹತ್ತೋ ಹಾಗಿಲ್ವಂತಲ್ಲ, ಅದಕ್ಕೇ ತಾನೇ ಮದುವೆಗೆ ಮುಂಚೇನೇ ಅಣ್ಣ ಸರ್‌ಗೆ ಹೇಳಿ ನಿಮ್ಮನ್ನ ಕೆಳಗೆ..."

"ಬಾಯ್ಮುಚ್ಚು ಮಾರಾಯ್ತಿ," ಎಂದಿತು ಅವನ ದನಿ.

ಸಂಜೆ ಅವನು ಬಂದು ಬಾಗಿಲಲ್ಲೇ ನಿಂತ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಾ?" ಅವಳು ಕುರ್ಚಿ ತಿರುಗಿಸಿ ಕೇಳಿದಳು.

"ನಿಮ್ಮನ್ನ ಕೇಳೋಣ ಅಂತಲೇ ಇದ್ದೆ. ಎದುರಿಗೆ ಬಂದ್ರೆ ಬಾಯೇ ಬರ್ತಿರ್ಲಿಲ್ಲ."

"ನನ್ನ ಕೆಲಸ ಕಿತ್ಕೊಳ್ಳೋಕೆ ಬಾಯಿ ಬಂತಲ್ಲ."

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಈಗಷ್ಟೇ ಸರ್ ಹತ್ರ ಮಾತಾಡಿ ಬಂದೆ. ನಾಳೆಯಿಂದ ನೀವು ಛಾವಣಿಗೆ, ನಾನು ಈ ಕುರ್ಚಿಗೆ. ನೀವು ನನ್ನ ಒಪ್ಪಿದ್ರೂ ಅಷ್ಟೇ... ಬಿಟ್ರೂ ಅಷ್ಟೇ."

ಎರಡು ವಾರದ ಉರಿ ಕಣ್ಣೀರಾಗಿ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಅವಳ ಮೇಲೆ ಎಷ್ಟು ಹೊಟ್ಟೆ ಉರ್ಕೊಂಡೆ ಗೊತ್ತಾ?"

"ಹೌದಾ?" ಅವನ ಮುಖ ಅರಳಿತು.

"ನಗಬೇಡಿ. ನನ್ನನ್ನ ಕೇಳ್ಬೇಕಾದ್ದನ್ನ ಈಗಲಾದ್ರೂ ಕೇಳಿ."

ಅವನು ಕೇಳಿದ. ನಾಲ್ಕೇ ಪದ, ಎರಡು ಸಲ ತಡವರಿಸಿದ.

"ಹೂಂ," ಅಂದಳು. "ಆದ್ರೆ ಹೊಸ ಹುಡುಗಿಗೆ ಇನ್ನು ಕೆಲಸ ಕಲಿಸೋದು ನಾನು."

"ಕಲಿಸಿ. ನನಗೆ?"

"ನಿಮಗೆ ಮಾತಾಡೋದು ಕಲಿಸ್ಬೇಕು. ಬನ್ನಿ, ಕೂತ್ಕೊಳ್ಳಿ."