ಸದ್ದಿಲ್ಲದ ತಾಸು

ಬಾಗಿಲಲ್ಲಿ ನಿಂತ ಮನಾಲಿ ಬೇಕೆಂದೇ ಕೆಮ್ಮಿದಳು. ಯಾರೂ ತಿರುಗಿ ನೋಡಲಿಲ್ಲ.

ತರಗತಿಯ ತುಂಬ ಮಕ್ಕಳು. ಹಲಗೆಯ ಮುಂದೆ ಒಬ್ಬ ತರುಣ ಗುರುಜಿ. ಅವನ ತುಟಿ ಅಲುಗುತ್ತಿದೆ, ಕೈ ಆಡುತ್ತಿದೆ, ಆದರೆ ದನಿ... ದನಿಯೇ ಇಲ್ಲ. ಮಕ್ಕಳ ತುಟಿಯೂ ಅಲುಗುತ್ತಿದೆ. ಅಲ್ಲೂ ದನಿಯಿಲ್ಲ.

'ಇದೇನಿದು ಮತ್ತ? ನನ್ನ ಕಿವೀನ ಕೆಟ್ಟಾವೇನು?'

ಅಷ್ಟರಲ್ಲಿ ಗುರುಜಿ ಅವಳನ್ನು ಕಂಡ. ಕಣ್ಣಿಗೆ ಕಣ್ಣು ಕೂಡಿತು. ಮನಾಲಿಯ ಎದೆ ಯಾಕೋ ಧಸಕ್ಕೆಂದಿತು. ಅವನು ಮಾತ್ರ ತೋರುಬೆರಳೆತ್ತಿ ಅಲ್ಲೇ ನಿಲ್ಲಿ ಎಂದು ಸನ್ನೆ ಮಾಡಿ, ಮತ್ತೆ ಮಕ್ಕಳ ಕಡೆ ತಿರುಗಿಬಿಟ್ಟ.

ಸಿಟ್ಟು ಬಾರದೇ ಇರುತ್ತದೆಯೇ ಹೇಳಿ? ಗಡಹಿಂಗ್ಲಜದ ಜೈನ ವ್ಯಾಪಾರಿ ಮನೆತನದ ಮುದ್ದಿನ ಮಗಳು, ಕೊಲ್ಹಾಪುರದ ಟ್ರಸ್ಟೊಂದರಲ್ಲಿ ಕೆಲಸ. ಆ ಟ್ರಸ್ಟು ವರ್ಷಕ್ಕೊಮ್ಮೆ ಒಬ್ಬ ಪ್ರಾಥಮಿಕ ಶಾಲೆಯ ಗುರುಜಿಗೆ ಪುರಸ್ಕಾರ ಕೊಡುತ್ತದೆ. ಶಾಲೆಗೆ ಹೇಳದೆ ಕೇಳದೆ ಹೋಗಿ, ಪಾಠ ನೋಡಿ ಬಂದು ಹೇಳುವುದು ಮನಾಲಿಯ ಪಾಲಿಗೆ ಬಂದಿತ್ತು. ಈ ಜಿನಪಾಲ ಗುರುಜಿಯ ಹೆಸರನ್ನು ಶಾಲೆಯ ಊರಾದ ಕಬನೂರಿನ ತಾಯಂದಿರೇ ಸೂಚಿಸಿದ್ದರು.

ಗಂಟೆ ಬಾರಿಸಿದ ಮೇಲೆಯೇ ಅವನು ಹೊರಗೆ ಬಂದದ್ದು. ಅವಳು ಬಂದ ಕೆಲಸ ಹೇಳಿದಳು.

"ನನಗ ಪುರಸ್ಕಾರ ಬ್ಯಾಡ್ರಿ," ಎಂದ ಜಿನಪಾಲ, ಚಹಾ ಬೇಡ ಅಂದಷ್ಟು ಸಲೀಸಾಗಿ.

"ಅದು ಇರ್ಲಿ. ಮಕ್ಕಳ ಬಾಯಿ ಯಾಕ ಕಟ್ಟೀರಿ? ಒಬ್ಬರೂ ಪಿಟಕ್ ಅನ್ನಲಿಲ್ಲ. ಅಷ್ಟ ಅಂಜಿಸಿ ಇಟ್ಟೀರೇನು?"

ಅವನ ಮುಖದಲ್ಲಿ ನಗು ಬಂದಂತಾಗಿ ಹಾಗೇ ಹೋಯಿತು. "ನೀವು ಕಂಡದ್ದು ನೀವು ಹೇಳ್ರಿ, ಮೇಡಮ್."

ಎಂಥ ಸೊಕ್ಕು! ಹತ್ತಿರದ ಇಚಲಕರಂಜಿಯ ಬಸ್ ಸ್ಟ್ಯಾಂಡಿನಿಂದಲೇ ಟ್ರಸ್ಟಿನ ಮುಖ್ಯಸ್ಥ ಬಾಬಾಸಾಹೇಬರಿಗೆ ಫೋನ್ ಹಚ್ಚಿದಳು. "ಸಾಹೇಬ್ರ, ಈ ಹೆಸರು ಬ್ಯಾಡ್ರಿ. ಹುಡುಗೂರನ್ನ ಹೆದರಿಸಿ ಕುಂದರಸ್ಯಾನ."

ಹೇಳಿದ್ದೇನೋ ಆಯಿತು. ಆದರೆ ಆ ವಾರವೆಲ್ಲ ಒಂದು ಸಂಗತಿ ಅವಳ ತಲೆ ಕೊರೆಯಿತು. ಅವತ್ತು ಹಿಂದಿನ ಸಾಲಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸದ್ದಿಲ್ಲದೆ! ಅಂಜಿದ ಮಕ್ಕಳು ಹಾಗೆ ನಗುತ್ತವೆಯೇ? ಅವನು ತುಟಿಯಲ್ಲೇ ಏನು ಹೇಳಿದ್ದ?

'ನನಗ್ಯಾಕ ಬೇಕು ಅದು' ಅಂದುಕೊಂಡಳು. ಅಂದುಕೊಂಡೇ ಮತ್ತೆ ಕಬನೂರಿನ ಬಸ್ಸು ಹತ್ತಿದಳು.

ಈ ಸಲ ನೇರ ಶಾಲೆಗೆ ಹೋಗಲಿಲ್ಲ. ಹೆಸರು ಸೂಚಿಸಿದ ತಾಯಂದಿರಲ್ಲಿ ಒಬ್ಬಳಾದ ಸೋನಾಬಾಯಿಯನ್ನು ಹುಡುಕಿಕೊಂಡು ಅವಳು ದುಡಿಯುವ ಪವರ್‌ಲೂಮ್ ಶೆಡ್ಡಿಗೆ ಹೋದಳು. ಒಳಗೆ ಕಾಲಿಟ್ಟರೆ ಮಗ್ಗಗಳ ಖಟಖಟ, ಕಿವಿ ಹರಿದುಹೋಗುವಷ್ಟು. ಮನಾಲಿ ಗಂಟಲು ಹರಿಯುವಂತೆ ಕೂಗಿದರೂ ಸೋನಾಬಾಯಿ ತಿರುಗಲಿಲ್ಲ. ಅವಳು ಶೆಡ್ಡಿನ ಆ ತುದಿಯ ನೇಕಾರನ ಕಡೆ ನೋಡಿ ತುಟಿ ಅಲುಗಿಸಿದಳು. ಅವನೂ ಅಲ್ಲಿಂದಲೇ ತುಟಿ ಅಲುಗಿಸಿದ. ಇಬ್ಬರೂ ನಕ್ಕರು.

ಮನಾಲಿ ನಿಂತಲ್ಲೇ ನಿಂತಳು.

ಅವಳನ್ನು ಕಂಡು ಸೋನಾಬಾಯಿ ಕೈ ಹಿಡಿದು ಹೊರಗೆ ಕರೆತಂದಳು. "ಬ್ಯಾರೆ ಕಡೆಯವ್ರ ಇದ್ದಂಗ ಕಾಣಸ್ತೀರಿ. ಮಗ್ಗದ ಮುಂದ ಒದರಿದ್ರ ಯಾರಿಗಿ ಕೇಳ್ತೈತ್ರಿ? ನಾವು ತುಟಿ ನೋಡೇ ಮಾತಾಡ್ತೇವಿ. ನಮ್ಮ ಹುಡುಗೂರೂ ಸಣ್ಣವ್ರಿದ್ದಾಗಿಂದ ಇದನ್ನ ಕಲ್ತಿರ್ತಾವ."

"ಸಾಲ್ಯಾಗ ಯಾಕ್ರಿ ಹಂಗ? ಅಲ್ಲಿ ಮಗ್ಗ ಇಲ್ಲಲ್ಲ."

ಸೋನಾಬಾಯಿ ಸೆರಗು ಸರಿಮಾಡಿಕೊಂಡಳು. "ನನ್ನ ಮಗಳು ರಾಯವ್ವಗ ಕಿವಿ ಕೇಳಂಗಿಲ್ಲ. ಮದಲಿನ ಸಾಲ್ಯಾಗ ಒಬ್ಬಾಕಿನ್ನ ಮೂಲ್ಯಾಗ ಕುಂದರಸ್ತಿದ್ರು. ಹುಡುಗೂರು ಕೆಪ್ಪಿ ಅಂತ ಕಾಡ್ತಿದ್ವು. ಈ ಗುರುಜಿನೂ ಮಗ್ಗದ ಮನಿಯಾಂವ. ದಿನಾ ಒಂದು ತಾಸು ಎಲ್ಲಾರಿಗೂ ತುಟೀಲೇ ಪಾಠ ಮಾಡ್ತಾನ. ಹುಡುಗೂರಿಗಿ ಅದೊಂದು ಆಟ ಆಗೇತಿ. ಆ ತಾಸಿನ್ಯಾಗ ನನ್ನ ಮಗಳು ಎಲ್ಲಾರಕಿಂತ ಮುಂದ ಅದಾಳ್ರಿ."

ಮನಾಲಿಯ ಕಣ್ಣು ತುಂಬಿ ಬಂತು. ಎಂಥ ಮನುಷ್ಯನನ್ನು ಏನೆಂದುಬಿಟ್ಟೆ!

ಅಲ್ಲಿಂದಲೇ ಬಾಬಾಸಾಹೇಬರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ಹಿಗ್ಗಿದರು. "ಹೇ ಛಾನ್ ಝಾಲಂ! ಭಾಳ ಚಂದ ಆತು! ಆ ಹುಡುಗೀನ ಸ್ಟೇಜ್ ಮ್ಯಾಲ ಕರಸೂಣು. ಪೇಪರದಾಗ ಫೋಟೊ ಭಾಳ ಚಲೋ ಬರ್ತೈತಿ."

ಖುಷಿಯಲ್ಲಿ ಓಡೋಡಿ ಶಾಲೆಗೆ ಹೋದಳು. ಸುದ್ದಿ ಕೇಳಿದ ಜಿನಪಾಲನ ಮುಖ ಬಾಡಿತು.

"ಅದಕ್ಕರಿ ನಾ ಬ್ಯಾಡ ಅಂದದ್ದು. ಇಲ್ಲೆ ಅಕಿ ಬರೇ ರಾಯವ್ವ. ಸ್ಟೇಜ್ ಹತ್ತಿಸಿದ್ರ ಮತ್ತ ಕೆಪ್ಪಿ ಆಗ್ತಾಳ."

"ಆದ್ರ ನಾ ನಿಮ್ಮ ಬಗ್ಗೆ ಟ್ರಸ್ಟಿನವ್ರಿಗೆ ಕೆಟ್ಟದ್ದು ಹೇಳೇನಲ್ರಿ... ಈ ಪುರಸ್ಕಾರ ಬಂದ್ರ ಅದೆಲ್ಲಾ ಹೋಗ್ತಿತ್ತು."

"ಇರ್ಲಿ ಬಿಡ್ರಿ. ನನಗ ಕೆಟ್ಟ ಹೆಸರು ಬಂದ್ರ ನಡೀತೈತಿ."

ಈ ಮಾತು ಹೇಳಿ ಅವನು ಒಳಗೆ ಹೋದ. ಮನಾಲಿಯ ಮನಸ್ಸು ಅವನ ಹಿಂದೆಯೇ ಹೋಯಿತು ನೋಡಿ, ಅವಳು ಮಾತ್ರ ಹೊರಗೆ ಉಳಿದಳು.

ಮರುದಿನ ಕೊಲ್ಹಾಪುರದಲ್ಲಿ ಬಾಬಾಸಾಹೇಬರ ಮುಂದೆ ನಿಂತಳು. ಹುಡುಗಿಯನ್ನು ಕರೆಸುವುದು ಬೇಡ, ಗುರುಜಿಗೆ ಮಾತ್ರ ಕೊಡೋಣ ಎಂದಳು. ಸಾಹೇಬರು ಒಪ್ಪಲಿಲ್ಲ. ಹುಡುಗಿ ಇಲ್ಲದಿದ್ದರೆ ಜನಕ್ಕೆ ಏನೆಂದು ಹೇಳುವುದು ಎಂದು ಕೇಳಿದರು.

ಹೂಂ ಎಂದರೆ ಜಿನಪಾಲನಿಗೆ ಶಾಲು, ಚಪ್ಪಾಳೆ, ಮನಾಲಿಗೂ ತನ್ನ ತಪ್ಪಿನಿಂದ ಬಿಡುಗಡೆ. ರಾಯವ್ವನಿಗೆ?

"ಹಂಗಿದ್ರ ಅವರ ಹೆಸರು ಬಿಟ್ಟ ಬಿಡ್ರಿ, ಸಾಹೇಬ್ರ," ಎಂದಳು.

ಪುರಸ್ಕಾರ ಚಂದಗಡದ ಕಡೆಯ ಇನ್ನೊಬ್ಬ ಗುರುಜಿಗೆ ಹೋಯಿತು. ಮನಾಲಿ ಮತ್ತೆ ಕಬನೂರಿಗೆ ಹೋದಳು. ಸದ್ದಿಲ್ಲದ ತಾಸು ನಡೆದಿತ್ತು. ಜಿನಪಾಲ ಮಕ್ಕಳಿಗೆ ಲೆಕ್ಕ ಕೊಟ್ಟು ಬಾಗಿಲಿಗೆ ಬಂದ. ಮಕ್ಕಳಿಗೆ ಕೇಳಬಾರದೆಂದು ಅವಳು ಪಿಸುಗುಟ್ಟಿದಳು.

"ನಿಮಗ ಬರೂದನ್ನ ನಾನ ತಪ್ಪಿಸೇನ್ರಿ."

"ಭಾಳ ಉಪಕಾರ ಆತು."

"ಹಂಗ ಅನಬ್ಯಾಡ್ರಿ. ನಿಮ್ಮಂಥಾವ್ರಿಗೆ ಯಾರೂ ಒಂದು ಒಳ್ಳೇ ಮಾತು ಅನ್ನಲಿಲ್ಲಂದ್ರ ನನಗ ಸಂಕಟ ಆಗ್ತೈತಿ."

"ನೀವು ಈಗ ಅಂದ್ರಲ್ಲ, ಸಾಕು." ಅವನು ಕೈಗಂಟಿದ ಚಾಕ್ ಪುಡಿ ಒರೆಸಿಕೊಂಡ. "ಇಷ್ಟ ಹೇಳಾಕ ಫೋನ್ ಸಾಕಿತ್ತಲ್ರಿ. ಕೊಲ್ಹಾಪುರದಿಂದ ಯಾಕ ಬಂದ್ರಿ?"

ಕೇಳಬಾರದಿತ್ತು, ಕೇಳಿಬಿಟ್ಟ. ಮನಾಲಿಯ ದನಿ ಇನ್ನೂ ಇಳಿಯಿತು. ಅವನಿಗೂ ಕೇಳಿಸಿತೋ ಇಲ್ಲವೋ ಅನ್ನುವಷ್ಟು.

"ನಿಮ್ಮನ್ನ ನೋಡಾಕ. ನೀವಂದ್ರ ನನಗ ಜೀವ."

ಘೊಳ್ಳನೆ ನಗು! ಇಡೀ ತರಗತಿ ಬಾಯಿಬಿಟ್ಟು ನಕ್ಕಿತು. ಮುಂದಿನ ಸಾಲಿನ ರಾಯವ್ವ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದರಿಂದ ಪಕ್ಕದವಳಿಗೆ ಮನಾಲಿಯನ್ನೇ ತೋರಿಸುತ್ತಿದ್ದಳು. ಮನಾಲಿಯ ಮುಖ ಮಕ್ಕಳ ಕಡೆಯೇ ಇತ್ತಲ್ಲ! ಅಷ್ಟೂ ಮಕ್ಕಳು ಅವಳ ತುಟಿಯನ್ನೇ ನೋಡುತ್ತ ಕುಳಿತಿದ್ದರು.

ಮನಾಲಿಯ ಮುಖ ಕೆಂಪೇರಿತು. ಜಿನಪಾಲನೂ ಕಿವಿಯವರೆಗೆ ಕೆಂಪಾದ.

"ಸಂಜಿ ಆಗೂದ್ರಾಗ ಕಬನೂರ ತುಂಬ ಗೊತ್ತಾಗ್ತೈತ್ರಿ," ಎಂದ.

"ಆಗ್ಲಿ. ನೀವೇನಂತೀರಿ?"

ಅವನು ಮಕ್ಕಳಿಗೆ ಬೆನ್ನು ಮಾಡಿ ನಿಂತ. "ನೀವು ಮದಲ ಬಾಗಲದಾಗ ನಿಂತ್ರಲ್ಲ, ಅವತ್ತಿಂದ ನನ್ನ ಮನಸ್ಸು ನನ್ನ ಕೈಯಾಗಿಲ್ಲ. ಗಡಹಿಂಗ್ಲಜಕ್ಕ ಬಂದು ನಿಮ್ಮ ಅಪ್ಪಾರನ್ನ ಕೇಳ್ಲೇನು?"

"ಬರ್ರಿ. ಆದ್ರ ಹೊತ್ತು ಮುಳಗೂ ಮದ್ಲ ಬರ್ರಿ. ಆಮ್ಯಾಲ ನಮ್ಮ ಮನ್ಯಾಗ ಯಾರೂ ಉಣ್ಣಂಗಿಲ್ಲ."

"ನಮ್ಮ ಮನ್ಯಾಗೂ ಹಂಗರಿ," ಎಂದ ಅವನು. "ನಿಮಗ ಏನೂ ಬ್ಯಾರೆ ಅನಸಂಗಿಲ್ಲ."